ಬ್ಯಾಡ್ಜಿನ ಮೇಲಿದ್ದ ಊರು

ಬ್ಯಾಡ್ಜನ್ನು ಕೊರಳಿಗೆ ಹಾಕಿಕೊಂಡ ಮೇಲೆಯೇ ರೇಷ್ಮಾಳಿಗೆ ತಪ್ಪು ಕಂಡದ್ದು. ಮರಾಠಿ ಅಕ್ಷರದಲ್ಲಿ ಅವಳ ಹೆಸರು, ಅದರ ಕೆಳಗೆ ‘ಕನ್ನಡ’. ಸಾಲಿನಲ್ಲಿ ಮುಂದಿದ್ದವನ ಬ್ಯಾಡ್ಜಿನ ಮೇಲೆ ‘ಸಿನ್ನರ್’, ಅವನ ಪಕ್ಕದವಳದರ ಮೇಲೆ ‘ಯೇವಲಾ’. ಎಲ್ಲರದೂ ಊರು.

“ಇದೇನ್ ಬರದೀಯೋ?” ಎಂದು ದಿಗಂತನ ಬ್ಯಾಡ್ಜ್ ಹಿಡಿದು ಜಗ್ಗಿದಳು. ಅದರ ಮೇಲೂ ‘ಕನ್ನಡ’.

ಫಾರ್ಮ್ ತುಂಬಿದವನು ಅವನು. ‘ಆಪಣ್ ಕುಠ್‌ಲೇ?’ ಎಂದು ಕೇಳಿತ್ತಂತೆ, ನೀವು ಎಲ್ಲಿಯವರು ಎಂದು. ದಿಗಂತ ಇದೇ ನಾಸಿಕದಲ್ಲಿ ಹುಟ್ಟಿ, ಪಂಚವಟಿಯಲ್ಲಿ ಅಪ್ಪ ಭುಜಂಗ ಶೆಟ್ಟರ ಹೊಟೇಲಿನಲ್ಲಿ ಬೆಳೆದವನು. ಗಿರಾಕಿಗಳು ಅವನಿಗೆ ಈ ಪ್ರಶ್ನೆಯನ್ನು ಸಾವಿರ ಸಲ ಕೇಳಿದ್ದರು. ಕುಂದಾಪುರ ಎಂದರೆ ಅವರಿಗೆ ತಿಳಿಯುತ್ತಿರಲಿಲ್ಲ. ‘ಆಮ್ಹೀ ಕನ್ನಡ’, ನಾವು ಕನ್ನಡದವರು, ಎಂದರೆ ಮಾತು ಮುಗಿಯುತ್ತಿತ್ತು. ಫೋನಿನಲ್ಲೂ ಬೆರಳು ಅದನ್ನೇ ಒತ್ತಿತ್ತು. ಸಂಭಾಜಿನಗರದ ಆಚೆ ‘ಕನ್ನಡ’ ಎಂಬ ಹೆಸರಿನದೇ ಒಂದು ತಾಲ್ಲೂಕು ಊರು ಇರುವುದು ಸಂಭಾಜಿನಗರದಲ್ಲೇ ರೇಷ್ಮಾಳ ಜೊತೆ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನಿಗೆ ಗೊತ್ತಿತ್ತು. ಆ ಹೊತ್ತಿಗೆ ಹೊಳೆದಿರಲಿಲ್ಲ.

“ಯಾರು ಓದ್ತಾರೆ ಮಾರಾಯ್ತಿ? ಎಲ್ರೂ ಕ್ಯೂಆರ್ ಸ್ಕ್ಯಾನ್ ಮಾಡುದು. ನಡಿ.”

ಒಳಗೆ, ಸ್ಟಾರ್ಟಪ್ ಸಮ್ಮೇಳನದ ಹಾಲಿನಲ್ಲಿ, ಇನ್ನೂರು ಜನರಿದ್ದರು. ರೇಷ್ಮಾಳ ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ. ಅದರಲ್ಲಿ ಊಟವಿರಲಿಲ್ಲ, ಬೆರಳುದ್ದದ ಆರು ಸೆನ್ಸರ್‌ಗಳಿದ್ದವು. ಸ್ಲ್ಯಾಬ್ ಹಾಕುವ ಮುಂಚೆ ಅವನ್ನು ಕಬ್ಬಿಣದ ಸರಳಿಗೆ ಕಟ್ಟಬೇಕು. ಕಾಂಕ್ರೀಟ್ ಬಿದ್ದ ಮೇಲೆ ಅದು ಎಷ್ಟು ಹಸಿಯಾಗಿದೆ, ಯಾವಾಗ ಒಣಗುತ್ತಿದೆ, ಯಾವ ಹೊತ್ತಿಗೆ ನೀರು ಹೊಡೆಯಬೇಕು ಎಂದು ಅವು ಫೋನಿಗೆ ಹೇಳುತ್ತವೆ.

ಬೇಕಾಗಿದ್ದದ್ದು ಒಂದು ಸ್ಲ್ಯಾಬ್. ಸಂಭಾಜಿನಗರದ ಇನ್‌ಕ್ಯುಬೇಷನ್ ಸೆಂಟರ್ ಅವರಿಗೆ ಒಂದು ವರ್ಷ ಲ್ಯಾಬು, ಟೇಬಲ್ಲು ಕೊಡಲು ಒಪ್ಪಿತ್ತು. ಷರತ್ತು ಒಂದೇ: ನಿಜವಾದ ಸೈಟಿನ ಹದಿನಾಲ್ಕು ದಿನದ ಲೆಕ್ಕ ಮೂವತ್ತೊಂದಕ್ಕೆ ಕೈಸೇರಬೇಕು. ಇವತ್ತು ಹದಿನಾರು. ನಾಳೆ ಕಾಂಕ್ರೀಟ್ ಬಿದ್ದರೆ ಉಂಟು, ಇಲ್ಲವಾದರೆ ರೇಷ್ಮಾ ಒಂದನೇ ತಾರೀಖು ಸಂಭಾಜಿನಗರದ ಅಂಚಿನ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಟ್ರೇನಿ. ನೇಮಕದ ಕಾಗದ ಮನೆಯಲ್ಲಿ ಅವ್ವನ ಟ್ರಂಕಿನಲ್ಲಿತ್ತು.

ಮಧ್ಯಾಹ್ನ ಒಂದರ ತನಕ ದಿಗಂತ ಮಾತಾಡಿದ. ಎಐ ಅಂದ, ಸ್ಕೇಲ್ ಅಂದ, ಸ್ಮಾರ್ಟ್ ಸಿಟಿ ಅಂದ. ಎಲ್ಲರೂ ತಲೆಯಾಡಿಸಿದರು, ಕಾರ್ಡ್ ಕೊಟ್ಟರು, ‘ಪೈಲಟ್ ಮುಗಿಸಿ ಬನ್ನಿ’ ಎಂದರು.

“ಹನ್ನೊಂದು ಕಾರ್ಡ್,” ಎಂದಳು ರೇಷ್ಮಾ. “ಸ್ಲ್ಯಾಬ್ ಒಂದೂ ಇಲ್ಲ. ನೀ ಎಐ ಅಂದ ಕೂಡ್ಲೇ ಮಂದಿ ತಮ್ಮ ಫೋನ್ ನೋಡ್ತಾರ. ಕಂಡೀಯಿಲ್ಲೋ?”

“ಹಾಗಾದ್ರೆ ನೀನೇ ಮಾತಾಡು. ನೀನು ಬಾಯಿ ಬಿಟ್ರೆ ಜಗಳಕ್ಕೆ ಬಂದ ಹಾಗೆ ಉಂಟು.”

ಗದ್ದಲದ ಊಟದ ಸಾಲಿನಲ್ಲಿ ಮುಂದೆ ನಿಂತಿದ್ದವರು ತಟ್ಟೆ ತೆಗೆದುಕೊಂಡು ತಿರುಗಿದರು. ಐವತ್ತರ ಆಸುಪಾಸು, ಬಿಳಿ ಅಂಗಿ. ಇಡೀ ಹಾಲಿನಲ್ಲಿ ಅವರೊಬ್ಬರ ಬೂಟಿನ ಮೇಲೆ ಸಿಮೆಂಟಿನ ಪುಡಿಯಿತ್ತು. ಬ್ಯಾಡ್ಜಿನ ಮೇಲಿದ್ದ ಹೆಸರು ‘ಶ್ರೀಮಂತ ನಲಾವಡೆ’, ಬಿಲ್ಡರ್. ಅವರ ಕಣ್ಣು ರೇಷ್ಮಾಳ ಬ್ಯಾಡ್ಜಿನ ಮೇಲೆ ನಿಂತಿತು.

“ಕನ್ನಡ? ಅರೇ, ಆಮ್ಚ್ಯಾ ಗಾವ್‌ಚೀ ಪೋರಂ!”

ನಮ್ಮೂರ ಮಕ್ಕಳು. ರೇಷ್ಮಾ ಬಾಯಿ ತೆರೆಯುವ ಮೊದಲೇ ದಿಗಂತ, “ಹೋ ಸಾಹೇಬ್, ಹೋ,” ಎಂದು ಒಪ್ಪಿಕೊಂಡುಬಿಟ್ಟ.

ನಲಾವಡೆ ಇಬ್ಬರನ್ನೂ ತಮ್ಮ ಟೇಬಲ್ಲಿಗೆ ಕರೆದೊಯ್ದರು. ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ತಾವು ಕನ್ನಡದಿಂದ ಎಸ್‌ಟಿ ಬಸ್ಸಿನಲ್ಲಿ ಒಂದು ಚೀಲ ಹಿಡಿದು ಬಂದದ್ದು, ಈಗ ನಾಸಿಕದಲ್ಲಿ ನಾಲ್ಕು ಸೈಟು ನಡೆಸುತ್ತಿರುವುದು, ಊರಿನವರು ಯಾರೂ ಈ ದಂಧೆಗೆ ಬರದಿರುವುದು, ಎಲ್ಲ ಹೇಳಿದರು. ದಿಗಂತ ಹ್ಞೂಂಗುಟ್ಟಿದ. ರೇಷ್ಮಾ ಡಬ್ಬಿ ತೆರೆದು ತೋರಿಸಿ, ಸೆಂಟರಿನ ಹದಿನಾಲ್ಕು ದಿನದ ಷರತ್ತನ್ನೂ ಹೇಳಿದಳು.

“ಇದು ನನಗೆ ಬೇಕು,” ಎಂದರು ನಲಾವಡೆ. “ನೀರು ಹೊಡೆಯೋಕೆ ಇಟ್ಟವನು ಮಧ್ಯಾಹ್ನ ಮಲಗ್ತಾನೆ. ನನಗೆ ಗೊತ್ತಾಗೋದು ಸ್ಲ್ಯಾಬ್ ಬಿರುಕು ಬಿಟ್ಟ ಮೇಲೆ.”

ನೀರು ಹೊಡೆಯುವುದು ರೇಷ್ಮಾಳ ಅಪ್ಪ ಖಂಡಪ್ಪನ ಕೆಲಸ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು.

“ನಾಳೆ ಹತ್ತಕ್ಕೆ ನನ್ನ ಸ್ಲ್ಯಾಬ್ ಇದೆ. ಏಳಕ್ಕೆ ಬಂದು ಕಟ್ಟಿ.” ಫೋನ್ ತೆಗೆದು ಸೈಟ್ ಎಂಜಿನಿಯರಿಗೆ ಮೆಸೇಜ್ ಹಾಕಿದರು: ನಾಳೆ ನಮ್ಮೂರ ಇಬ್ಬರು ಬರ್ತಾರೆ, ಒಳಗೆ ಬಿಡು. ಅದನ್ನು ಅವರಿಗೂ ತೋರಿಸಿದರು.

ದಿಗಂತ ಟೇಬಲ್ ಕೆಳಗೆ ಅವಳ ಕಾಲು ತುಳಿದ. ಗೆದ್ದೆವು ಎಂದು.

“ನಿಮ್ಮಪ್ಪನ ಹೆಸರೇನು ಮಗಳೇ?”

“ಖಂಡಪ್ಪ.”

“ಖಂಡಪ್ಪಾ?” ನಲಾವಡೆ ಚಮಚ ಕೆಳಗಿಟ್ಟರು. “ಖಂಡೂ ಇದ್ದಾರೆ, ಖಂಡೇರಾವ್ ಇದ್ದಾರೆ. ಖಂಡಪ್ಪ ನಮ್ಮ ಕಡೆ ಕೇಳಿಲ್ಲ. ಯಾವ ಗಲ್ಲಿ?”

“ಬಸ್ ಸ್ಟ್ಯಾಂಡ್ ಕಡೆ,” ಎಂದ ದಿಗಂತ.

“ಸ್ಟ್ಯಾಂಡ್ ಎದುರಿಗೇ ನನ್ನ ತಮ್ಮನ ಹಾರ್ಡ್‌ವೇರ್ ಅಂಗಡಿ. ಅವನಿಗೆ ಗೊತ್ತಿಲ್ಲದ ಮನೆಯಿಲ್ಲ. ತಡಿ.” ಸ್ಪೀಕರ್ ಹಾಕಿ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟರು. ಅವರ ಮುಖದಲ್ಲಿ ಅನುಮಾನವಿರಲಿಲ್ಲ, ಖುಷಿಯಿತ್ತು. ಅದೇ ಕಷ್ಟವಾಗಿತ್ತು.

ರಿಂಗ್ ಆಗತೊಡಗಿತು. ಎರಡು. ಮೂರು.

“ಎತ್ತಲಿಕ್ಕಿಲ್ಲ, ಸುಮ್ನಿರು,” ಎಂದು ದಿಗಂತ ತುಟಿ ಅಲ್ಲಾಡಿಸದೆ ಅಂದ. “ಎತ್ತಿದ್ರೆ ಬಾಡಿಗೆ ಮನೆ ಹೇಳು.”

“ಎಷ್ಟಂತ ಸುಳ್ಳ ಹೇಳ್ಲೋ?”

ನಲಾವಡೆ ತಲೆ ಎತ್ತಿದರು. “ಏನು ಮಾತಾಡಿದ್ರಿ? ಯಾವ ಭಾಷೆ ಅದು?”

ದಿಗಂತ ಇನ್ನೊಂದು ಸುಳ್ಳಿಗೆ ಉಸಿರು ಎಳೆದುಕೊಂಡದ್ದು ರೇಷ್ಮಾಳಿಗೆ ಕೇಳಿಸಿತು.

“ಕನ್ನಡ,” ಎಂದಳು ಅವಳು. “ಊರಲ್ಲ ಸಾಹೇಬ್, ಭಾಷೆ. ನಾವು ಆ ಊರಿನವರಲ್ಲ. ನಾನು ಅದನ್ನು ನೋಡಿಯೂ ಇಲ್ಲ. ನಮ್ಮಪ್ಪ ಯಾದಗಿರಿ ಕಡೆಯವರು, ನಾನು ಬೆಳೆದದ್ದು ಚಿಕಲಠಾಣಾದ ಸೈಟುಗಳಲ್ಲಿ.”

“ಹ್ಯಾಲೋ? ದಾದಾ? ಹ್ಯಾಲೋ?” ಎಂದಿತು ಫೋನು. ನಲಾವಡೆ ಕರೆ ಕತ್ತರಿಸಿದರು.

“ಅರ್ಧ ಗಂಟೆ,” ಎಂದರು ಮೆಲ್ಲಗೆ. “ಅರ್ಧ ಗಂಟೆ ನನ್ನ ಊರಿನವರಾಗಿ ಕೂತು ಉಂಡಿರಿ.”

ಅವರು ಸೈಟ್ ಎಂಜಿನಿಯರಿಗೆ ಹಾಕಿದ ಮೆಸೇಜನ್ನು ಬೆರಳಿಂದ ಒತ್ತಿ ಹಿಡಿದು ಅಳಿಸಿದರು. ರೇಷ್ಮಾ ನೋಡುತ್ತಿದ್ದಳು. ಕ್ಷಮೆ ಕೇಳಿದರೆ ಅವರು ತಲೆಯಾಡಿಸಿ ಎದ್ದುಹೋಗುತ್ತಾರೆ ಎಂದು ಅವಳಿಗೆ ಅನಿಸಿತು. ಕ್ಷಮೆ ಕೇಳಲಿಲ್ಲ.

“ನೀರು ಹೊಡೆಯುವವನು ಮಲಗ್ತಾನೆ ಅಂದಿರಿ. ನಮ್ಮಪ್ಪ ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ ಮಾಡ್ತಿದ್ದಾರೆ. ಮಲಗ್ತಾರೆ, ನಿಜ. ಬಿಲ್ಡರ್ ಕಳಿಸೋ ನೀರಿನ ಟ್ಯಾಂಕರ್ ಎರಡು ತಾಸು ತಡವಾಗಿ ಬರುತ್ತೆ. ಖಾಲಿ ಪೈಪ್ ಹಿಡಿದು ಎಚ್ಚರ ಇದ್ದು ಏನು ಮಾಡಬೇಕು? ಈ ಸೆನ್ಸರ್ ಮನುಷ್ಯನನ್ನು ಕಾಯಲ್ಲ. ಎಷ್ಟು ಗಂಟೆಗೆ ಒಣಗಿತು ಅಂತ ತೋರಿಸುತ್ತೆ. ಆ ಹೊತ್ತಿಗೆ ಟ್ಯಾಂಕರ್ ಎಲ್ಲಿತ್ತು ಅಂತ ನೀವು ಕೇಳಬಹುದು.”

“ಅಂದರೆ ತಪ್ಪು ನನ್ನದು ಅಂತ ತೋರಿಸೋ ಮಿಷನ್ನು ನನ್ನ ಸ್ಲ್ಯಾಬಿಗೇ ಕಟ್ಟಬೇಕು?”

“ಹೌದು.”

ಬೆಳಿಗ್ಗೆಯಿಂದ ಯಾರಾದರೂ ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ನಲಾವಡೆ ಒಂದು ಸೆನ್ಸರನ್ನು ಬೆರಳಲ್ಲಿ ಹೊರಳಿಸಿ ನೋಡಿದರು. ವೇದಿಕೆಯ ಮೇಲೆ ಯಾರೋ ಮೈಕ್ ತಟ್ಟಿ, ಮಧ್ಯಾಹ್ನದ ಗೋಷ್ಠಿ ಶುರು ಎಂದರು. ನಲಾವಡೆಯವರನ್ನು ಹೆಸರು ಹಿಡಿದು ಕರೆದರು. ಅವರು ಎದ್ದರು.

“ನಿಮ್ಮಪ್ಪನನ್ನು ಕರೆಸು. ಹದಿನಾಲ್ಕು ದಿನ ಅವರೇ ನೀರು ಹೊಡೆಯಲಿ. ಮಿಷನ್ ಒಂದು ಹೇಳಿ ಅವರು ಇನ್ನೊಂದು ಹೇಳಿದರೆ, ನಿಮ್ಮ ಸೆಂಟರಿಗೆ ನಾನು ಅವರ ಮಾತನ್ನೇ ಬರೆದುಕೊಡ್ತೀನಿ. ಮತ್ತೆ ಇವನು” – ದಿಗಂತನ ಕಡೆ ಬೆರಳು ತೋರಿಸಿದರು – “ನನ್ನ ಗೇಟಿನ ಒಳಗೆ ಕಾಲಿಡಬಾರದು.”

ದಿಗಂತ ತಮಾಷೆಯೆಂದು ನಕ್ಕ. ಬೇರೆ ಯಾರೂ ನಗಲಿಲ್ಲ. ಸೆನ್ಸರಿನ ಪ್ರೋಗ್ರಾಮ್ ಪೂರ್ತಿ ಬರೆದವನು ಅವನು. ಅದು ರೇಷ್ಮಾಳಿಗೆ ಗೊತ್ತಿತ್ತು.

“ಆಯ್ತು ಸಾಹೇಬ್,” ಎಂದಳು, ಅವನ ಕಡೆ ನೋಡದೆ.

ಪಂಚವಟಿಗೆ ಹೋಗುವ ರಿಕ್ಷಾದಲ್ಲಿ ದಿಗಂತ ಬ್ಯಾಡ್ಜನ್ನು ಕೊರಳಿನಿಂದ ತೆಗೆದು ಜೇಬಿಗೆ ತುರುಕಿದ. ಅವಳು ಆ ರಾತ್ರಿ ಉಳಿಯಬೇಕಾಗಿದ್ದದ್ದು ಅವನ ಮನೆಯಲ್ಲೇ.

“ನನ್ನ ಪರವಾಗಿ ಒಂದು ಮಾತು ಹೇಳ್ಬಹುದಿತ್ತು.”

“ಹೇಳಿದ್ರ ಸ್ಲ್ಯಾಬ್ ಹೋಗ್ತಿತ್ತು.”

“ನಾನು ಫಾರ್ಮ್ ತಪ್ಪು ತುಂಬದಿದ್ರೆ ಆ ಜನ ನಮ್ಮ ಮುಖವೇ ನೋಡ್ತಿರ್ಲಿಲ್ಲ.”

“ಅದೂ ಖರೇನ.”

ಅವಳು ಅಪ್ಪನಿಗೆ ಫೋನ್ ಮಾಡಿದಳು. ರಾತ್ರಿ ಬಸ್ಸಿಗೆ ಹೊರಟು ಬಾ ಎಂದಳು.

“ಏನ್ ಕೆಲಸವ್ವಾ?” ಎಂದ ಖಂಡಪ್ಪ.

“ನೀರ ಹೊಡಿಯೂದು.”

“ಅದನ್ ಮಾಡಸಾಕ ಬಿಇ ಓದಿದೇನು?” ಎಂದು ನಕ್ಕ. ಅವಳು ಎಲ್ಲವನ್ನೂ ಹೇಳಿದ ಮೇಲೆ ನಗು ನಿಂತಿತು. “ನಿನ್ನ ಮಿಷನ್ ಹಸಿ ಅದ ಅಂತದ, ನನಗ ಒಣಗ್ಯದ ಅನಸ್ತದ. ಆವಾಗ?”

“ಒಣಗ್ಯದ ಅಂತ್ಲೇ ಹೇಳು.”

“ನಿಂದು ಸುಳ್ಳಾಗ್ತದಲ್ಲ.”

“ಆದ್ರ ತಿದ್ದತೀವಿ. ನೀ ಮಾತ್ರ ನನ್ನ ಮುಖ ನೋಡಿ ಹೇಳಬ್ಯಾಡ.”

ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಮುಂದಕ್ಕೆ ತಳ್ಳಿದ. ಹೆಸರು, ಊರು, ಸಹಿ. ಅವಳು ಊರಿನ ಜಾಗದಲ್ಲಿ ಚಿಕಲಠಾಣಾ ಎಂದು ಬರೆದಳು. ಕೆಳಗಿನ ಸಾಲಿನಲ್ಲಿ ಅಪ್ಪನ ಹೆಸರನ್ನೂ ಅವಳೇ ಬರೆದಳು.

ದಿಗಂತ ರಸ್ತೆಯಾಚೆಯ ಚಹಾದ ಗಾಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ. “ಒಳಗೆ ಬರಬಾರದು ಅಂದದ್ದು. ಹೊರಗೆ ಕೂರಬಾರದು ಅನ್ಲಿಲ್ಲ,” ಎಂದಿದ್ದ.

ಎಂಟೂವರೆಗೆ ಐದು ಸೆನ್ಸರ್ ಮಾತಾಡಿದವು. ಆರನೆಯದು ಸುಮ್ಮನಿತ್ತು. ಕಾಂಕ್ರೀಟಿನ ಗಾಡಿ ಗೇಟಿನಲ್ಲಿ ಹಾರ್ನ್ ಹೊಡೆಯುವಾಗ ಅವಳು ಸರಳುಗಳ ಮೇಲೆ ಮೊಣಕಾಲೂರಿ, ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಬೆರಳು ತರಚಿ ರಕ್ತ ಬಂದಿತ್ತು. ಫೋನು ಕಿವಿಗೂ ಭುಜಕ್ಕೂ ನಡುವೆ.

“ಬಂತಾ?”

“ಇಲ್ಲ.”

“ಈಗ?”

“ತಡಿ. ತಡಿ ಮಾರಾಯ್ತಿ. ಹಾಂ. ಬಂತು. ಆರೂ ಬಂತು.”

ಕೆಳಗೆ ಖಂಡಪ್ಪ ಪೈಪಿನ ಸುರುಳಿಯನ್ನು ಭುಜಕ್ಕೆ ಹಾಕಿಕೊಂಡು, ನಲ್ಲಿ ತಿರುಗಿಸಿ ನೋಡಿದ. ಹನಿಯೂ ಬರಲಿಲ್ಲ. ವಾಚ್‌ಮನ್ ಕಡೆ ತಿರುಗಿ ಟ್ಯಾಂಕರ್ ಎಷ್ಟು ಗಂಟೆಗೆ ಎಂದು ಕೇಳಿದ.

“ಬರುತ್ತೆ,” ಎಂದ ವಾಚ್‌ಮನ್. “ಒಂದೆರಡು ತಾಸು ಹಿಂದುಮುಂದು.”