ಮೂರನೆಯ ಬೋಗುಣಿ

"ಎಳೆದು ಹಿಡಿಯೇ, ಇನ್ನೂ ಸ್ವಲ್ಪ," ಎಂದಳು ಮಡಿಕೆ ಅತ್ತೆ. ಟೀಚರ್ ಬಿಳಿ ಹಾಸಿನ ಎರಡು ತುದಿಗಳನ್ನು ಜಗ್ಗಿ ಹಿಡಿದಳು. ಅತ್ತೆ ಬೆರಳನ್ನು ನಾಲಗೆಗೆ ಮುಟ್ಟಿಸಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ತಾಗಿಸಿದಳು. ಚುಂಯ್ ಎಂದಿತು. ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿ ಪೆಟ್ಟಿಗೆಯನ್ನು ಆ ಕೊನೆಯಿಂದ ಈ ಕೊನೆಗೆ ಒಂದೇ ಓಟದಲ್ಲಿ ಎಳೆದಳು.

ಪಕ್ಕದ ಕೋಣೆಯಲ್ಲಿ ಟೀಚರ ಅಮ್ಮನನ್ನು ಮಲಗಿಸಿದ್ದರು. ಆಸ್ಪತ್ರೆಯವರು ಹೊದಿಸಿ ಕಳಿಸಿದ ಹಾಸು ಮುದುಡಿ ಮುದ್ದೆಯಾಗಿತ್ತು. ಬೆಳಿಗ್ಗೆಯಿಂದ ಬಂದುಹೋದವರು ಯಾರೂ ಅದನ್ನು ಗಮನಿಸಿರಲಿಲ್ಲ. ಅತ್ತೆ ಮಾತ್ರ ಹೊಸ್ತಿಲಲ್ಲೇ ನಿಂತು, "ಇದೇನಿದು ಅವತಾರ!" ಎಂದಿದ್ದಳು.

"ಮೂವತ್ತೊಂದು ವರ್ಷ ಕಂಡೋರ ಹಾಸು ತೀಡಿದೋಳು. ಸುಕ್ಕು ಹೊದ್ದುಕೊಂಡು ಹೋದ್ರೆ ನನ್ನ ಸುಮ್ನೆ ಬಿಡ್ತಾಳಾ?"

ಅವಳೇನೂ ರಕ್ತಸಂಬಂಧಿಯಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅಮ್ಮ ಇಸ್ತ್ರಿ ಮಾಡಿದ್ದನ್ನು ಇವಳು ಮಡಿಸುತ್ತಿದ್ದಳು. ಮಡಿಕೆ ಅತ್ತೆ ಎಂದು ಹೆಸರಿಟ್ಟವರು ಈ ಮನೆಯ ಮಕ್ಕಳು.

ತಮ್ಮ ಒಳಗೆ ಬಂದ. ಲಾರಿ ಡ್ರೈವರ್. ಹದಿನಾಲ್ಕು ಗಂಟೆ ಗಾಡಿ ಓಡಿಸಿ ಬಂದಿದ್ದ ಅವನ ಕಣ್ಣು ಕೆಂಡದಂತಿತ್ತು. ಅವನು ಅಕ್ಕನ ಕಡೆ ನೋಡಲಿಲ್ಲ.

"ಅತ್ತೆ, ಸೋಮವಾರ ಇಡೀ ದಿನ ಅಮ್ಮನ ಜೊತೆ ಇದ್ದದ್ದು ನೀವೇ ತಾನೆ?"

"ಹೂಂ ಕಣಪ್ಪ. ಇವಳು ಸ್ಕೂಲಿಗೆ ಹೋಗಿದ್ಲಲ್ಲ."

"ಮೈ ಸುಡ್ತಾ ಇದ್ದದ್ದು ಗೊತ್ತಾಗ್ಲಿಲ್ವಾ?"

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ನನ್ನ ಕೈಗೆ ಏನು ತಿಳಿಯುತ್ತಪ್ಪ. ಚರ್ಮ ಅಲ್ಲ, ಚಪ್ಪಲಿ ಅಟ್ಟೆ."

"ಡಾಕ್ಟರ್ ಏನಂದ್ರು ಗೊತ್ತಾ? ಸೋಮವಾರ ಕರ್ಕೊಂಡು ಬಂದಿದ್ರೂ ಉಳಿಸ್ತಿದ್ವಿ ಅಂದ್ರು. ನೀವು ಹರಟೆ ಹೊಡೀತಾ ಕೂತಿದ್ರಿ. ದೊಡ್ಡ ಸ್ನೇಹ!"

ಅತ್ತೆ ಹಾಸಿನ ಅಂಚನ್ನು ಅಂಚಿಗೆ ಕೂಡಿಸಿದಳು, ಬಿಡಿಸಿದಳು, ಮತ್ತೆ ಕೂಡಿಸಿದಳು.

"ನೀವು ಇಲ್ಲೇ ಇರಿ. ಮಣ್ಣು ಹಾಕೋಕೆ ನೀವು ಬರೋದು ಬೇಡ," ಎಂದು ತಮ್ಮ ಹೊರಗೆ ಹೋದ.

ಸೋಮವಾರ ನಡೆದದ್ದನ್ನು ಅತ್ತೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಟೀಚರ ಕಿವಿಗೆ ಮಾತ್ರ ಹಾಕಿದ್ದಳು. ನಡುಗುತ್ತಿದ್ದ ಅಮ್ಮನಿಗೆ ಅತ್ತೆ ಡಾಕ್ಟರ ಹತ್ತಿರ ಹೋಗೋಣ ಎಂದು ಎರಡೆರಡು ಸಲ ಹೇಳಿದ್ದಳಂತೆ. ಅಮ್ಮ ಕಂಬಳಿ ಎಳೆದುಕೊಂಡು, "ಟೀಚರ್ ನೋಡಿದ್ದಾಳೆ ಕಣೇ, ಜ್ವರ ಇಲ್ಲ ಅಂದಿದ್ದಾಳೆ. ಮಕ್ಕಳಿಗೆ ಅದನ್ನೇ ಹೇಳಿಕೊಡೋಳಿಗೆ ಗೊತ್ತಾಗಲ್ವಾ?" ಎಂದಿದ್ದಳು.

*

ಏಳನೇ ಕ್ಲಾಸಿನ ಪಾಠಗಳನ್ನೆಲ್ಲ ಟೀಚರ್ ಮೊದಲು ಅಮ್ಮನ ಮುಂದೆ ಒಪ್ಪಿಸುತ್ತಿದ್ದಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಮ್ಮನಿಗೆ ಅರ್ಥವಾದರೆ ಯಾವ ಮಗುವಿಗಾದರೂ ಅರ್ಥವಾಗುತ್ತದೆ ಎಂಬ ಲೆಕ್ಕ.

"ಉಷ್ಣ ಬೇರೆ, ತಾಪ ಬೇರೆ ಅಮ್ಮ. ತಾಪ ಅಂದ್ರೆ ಎಷ್ಟು ಬಿಸಿ ಅನ್ನೋದು. ಉಷ್ಣ ಅಂದ್ರೆ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳೋ ಶಕ್ತಿ."

"ಅಯ್ಯೋ, ಇದಕ್ಕೆ ಪುಸ್ತಕ ಬೇರೆ ಬೇಕಾ? ಇದ್ದಿಲು ಇಸ್ತ್ರಿಪೆಟ್ಟಿಗೆ ಕಾಲದಲ್ಲಿ ಕಿಡಿ ಹಾರಿ ಕೈಮೇಲೆ ಬೀಳೋದು. ಕೆಂಪಗೆ ಉರೀತಿದ್ರೂ ಚುರ್ ಅಂದು ಆರಿಹೋಗೋದು. ಅದೇ ಬಾಯ್ಲರ್ ನೀರು ಒಂದು ಬಕೆಟ್ ಮೈಮೇಲೆ ಬಿದ್ದಿದ್ರೆ ನೀನು ಹುಟ್ತಾನೇ ಇರಲಿಲ್ಲ."

ಒಂದು ಸಲ ಟೀಚರ್ ಮೂರು ಬೋಗುಣಿ ತಂದಿಟ್ಟಳು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನದು. ಒಂದು ಕೈ ಬಿಸಿಯಲ್ಲಿ, ಒಂದು ಕೈ ತಣ್ಣಗಿನದರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ನಡುವಿನದರಲ್ಲಿ ಅದ್ದಬೇಕು. ಬಿಸಿಯಿಂದ ಬಂದ ಕೈಗೆ ಅದೇ ನೀರು ತಣ್ಣಗೆ, ತಣ್ಣೀರಿನಿಂದ ಬಂದ ಕೈಗೆ ಬಿಸಿ.

"ನಿನ್ನ ತಮ್ಮನ ಥರ," ಎಂದು ಅಮ್ಮ ನಕ್ಕಿದ್ದಳು. "ಊರವರಿಗೆ ತಣ್ಣಗೆ, ಮನೆಯವರಿಗೆ ಬಿಸಿ." ಆದರೆ ತಾನೇ ಕೈ ಅದ್ದಿದಾಗ, "ನನಗೆ ಮೂರೂ ಒಂದೇ ಕಣೇ. ಈ ಕೈ ಯಾವತ್ತೋ ಸತ್ತಿದೆ. ಇನ್ಮೇಲೆ ನನ್ನ ಬಿಸಿ ತಂಪು ನೀನೇ ನೋಡಿ ಹೇಳಬೇಕು," ಎಂದಿದ್ದಳು.

*

ಭಾನುವಾರ ಮಧ್ಯಾಹ್ನ ಟೀಚರ್ ಪಾತ್ರೆ ತಿಕ್ಕುತ್ತಿದ್ದಳು. ಜಿಡ್ಡು ಬಿಡಲೆಂದು ಕಾಯಿಸಿದ ನೀರಿನಲ್ಲಿ ಮೊಣಕೈವರೆಗೂ ಮುಳುಗಿದ್ದಳು. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಹಾಗೇ ಇತ್ತು.

ಅಮ್ಮ ಬಂದು ಬಾಗಿಲಿಗೆ ಒರಗಿದಳು. "ಮೈ ಯಾಕೋ ಹೇಗ್ಹೇಗೋ ಆಗ್ತಿದೆ. ಜ್ವರ ಇದೆಯಾ ನೋಡು."

ಟೀಚರ್ ಕೈ ಕೊಡವಿ ಅಂಗೈಯನ್ನು ಅಮ್ಮನ ಹಣೆಗಿಟ್ಟಳು. ತಣ್ಣಗಿತ್ತು.

"ಏನೂ ಇಲ್ಲ. ನನ್ನ ಕೈಗಿಂತ ತಂಪಾಗಿದೀಯ. ಹೋಗಿ ಮಲಕ್ಕೋ."

"ಹಾಗಾದ್ರೆ ಸರಿ," ಎಂದು ಅಮ್ಮ ಹೋದಳು. ಆ ದನಿಯಲ್ಲಿ ನೆಮ್ಮದಿಯಿತ್ತು. ಟೀಚರಿಗೆ ಈಗ ತಡೆಯಲಾಗದಿದ್ದದ್ದು ಆ ನೆಮ್ಮದಿಯೇ.

ಮಂಗಳವಾರ ಕ್ಲಾಸಿನಲ್ಲಿ ಮೂರು ಬೋಗುಣಿಗಳ ಸುತ್ತ ಹುಡುಗಿಯರು ಮುತ್ತಿಕೊಂಡಿದ್ದರು. ಎರಡು ಜಡೆಯವಳೊಬ್ಬಳು ಬಿಸಿನೀರಿನಿಂದ ಕೈ ತೆಗೆದು ಗೆಳತಿಯ ಕೆನ್ನೆ ಹಿಡಿದು, "ಮಿಸ್, ಇವಳು ಸತ್ತೇಹೋಗಿದ್ದಾಳೆ, ಐಸ್ ಥರ ಇದ್ದಾಳೆ!" ಎಂದು ಕಿರುಚಿದಳು. ಎಲ್ಲರೂ ನಕ್ಕರು. ಟೀಚರ್ ಸೀಮೆಸುಣ್ಣ ಕೆಳಗಿಟ್ಟಳು. ಕ್ಲಾಸು ಬಿಟ್ಟು, ಗೇಟು ದಾಟಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಮನೆಯಲ್ಲಿ ಥರ್ಮಾಮೀಟರ್ ನೂರಾ ನಾಲ್ಕು ತೋರಿಸಿತು.

"ಯಾವತ್ತಿಂದ ಜ್ವರ?" ಎಂದು ಡಾಕ್ಟರ್ ಕೇಳಿದಾಗ ಅವಳು, "ನಿನ್ನೆಯಿಂದ," ಎಂದಳು.

*

ಹೆಣ ಸಾಗಿಸುವ ವ್ಯಾನ್ ಓಣಿಯ ತಿರುವಿನಲ್ಲೇ ನಿಂತಿತು. ಒಳಗೆ ಬರಲು ಜಾಗವಿರಲಿಲ್ಲ. ವ್ಯಾನಿನವನು ಹೊತ್ತು ತಂದ ಸ್ಟ್ರೆಚರನ್ನು ಹೊರಗೋಡೆಗೆ ಒರಗಿಸಿ, "ಬೇಗ ಮಾಡ್ಕೊಳ್ಳಿ, ಇನ್ನೊಂದು ಮನೆಗೆ ಹೋಗಬೇಕು," ಎಂದ. ಬೇಗ ಏನೂ ಆಗಲಿಲ್ಲ. ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಪೂರ್ತಿ ಏರಿತು.

ಒಳಗೆ ಅತ್ತೆ ಇಸ್ತ್ರಿಯಾದ ಹಾಸನ್ನು ಹೊದಿಸಿ, ನಾಲ್ಕೂ ಮೂಲೆ ನೀವಿ, ಗೋಡೆ ಪಕ್ಕಕ್ಕೆ ಸರಿದು ಕೂತಳು. ಬರಿಗಾಲಲ್ಲಿ. ಹೊರಡುವವಳಂತಲ್ಲ.

ಟೀಚರ್ ತಮ್ಮನ ಮುಂದೆ ಹೋಗಿ ನಿಂತಳು.

"ಅತ್ತೆ ತಪ್ಪಲ್ಲ ಕಣೋ. ನಂದು."

"ನೀನು ಸುಮ್ನಿರು ಅಕ್ಕ. ಅವರ ಪರ ವಹಿಸ್ಕೋಬೇಡ."

"ಭಾನುವಾರವೇ ಅಮ್ಮ ನನ್ನ ಕೇಳಿದ್ಲು. ಪಾತ್ರೆ ತಿಕ್ತಿದ್ದೆ. ಬಿಸಿನೀರಿಂದ ತೆಗೆದ ಕೈಯಲ್ಲೇ ಹಣೆ ಮುಟ್ಟಿದೆ, ಜ್ವರ ಇಲ್ಲ ಅಂದೆ. ಅತ್ತೆ ಡಾಕ್ಟರ ಹತ್ರ ಹೋಗೋಣ ಅಂದ್ರು. ನಾನು ಹೇಳಿದ್ದಕ್ಕೇ ಅಮ್ಮ ಹೋಗ್ಲಿಲ್ಲ."

"ಬೇಡ ಸುಮ್ನಿರೇ," ಎಂದಳು ಅತ್ತೆ ಕೂತಲ್ಲಿಂದಲೇ.

ತಮ್ಮ ಸ್ವಲ್ಪ ಹೊತ್ತು ಅಕ್ಕನ ಕೈಗಳನ್ನೇ ನೋಡಿದ. "ಥರ್ಮಾಮೀಟರ್ ಎಲ್ಲಿತ್ತು?"

"ಮೇಜಿನ ಡ್ರಾಯರಿನಲ್ಲಿ."

"ಎಷ್ಟು ದೂರ?"

"ನಾಲ್ಕು ಹೆಜ್ಜೆ."

"ಡಾಕ್ಟರಿಗೆ ಭಾನುವಾರದಿಂದ ಅಂತ ಹೇಳಿದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಅತ್ತೆಯ ಹತ್ತಿರ ಹೋಗಿ ಬಗ್ಗಿದ.

"ಅತ್ತೆ, ಚಪ್ಪಲಿ ಹಾಕ್ಕೊಳ್ಳಿ. ನೀವು ವ್ಯಾನಲ್ಲಿ ಅಮ್ಮನ ತಲೆ ಹತ್ರ ಕೂತ್ಕೋಬೇಕು."

ಸ್ಟ್ರೆಚರ್ ಒಳಗೆ ತಂದು ಅಮ್ಮನನ್ನು ಮಲಗಿಸಿದರು. ಮುಂದೆ ವ್ಯಾನಿನವನೂ ತಮ್ಮನೂ, ಹಿಂದೆ ಎದುರುಮನೆಯ ದರ್ಜಿ. "ಇನ್ನೊಂದು ಕೈ ಬೇಕು," ಎಂದ ವ್ಯಾನಿನವನು. ಯಾರೂ ಯಾರನ್ನೂ ಕರೆಯಲಿಲ್ಲ. ಟೀಚರ್ ಬಂದು ತಮ್ಮನ ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಹಿಡಿದಳು.

ಒಂದೇ ಬಿಸಿಲಿಗೆ ಒಂದೇ ಹೊತ್ತು ನಿಂತಿದ್ದರೂ ಸ್ಟ್ರೆಚರಿನ ಬಟ್ಟೆ ಬರೀ ಬೆಚ್ಚಗಿತ್ತು. ಉಕ್ಕಿನ ಪೈಪು ಸುಡುತ್ತಿತ್ತು. ದರ್ಜಿ "ಅಬ್ಬಾ!" ಎಂದು ಹೆಗಲ ಟವೆಲನ್ನು ಸುತ್ತಿಕೊಂಡ. ವ್ಯಾನಿನವನು ಕೈಗವಸು ಹಾಕಿದ್ದ. ತಮ್ಮ ಹಲ್ಲು ಕಚ್ಚಿ ಎತ್ತಿದ. ಟೀಚರ್ ಹಿಡಿ ಬದಲಿಸಲಿಲ್ಲ.

ಓಣಿಯಲ್ಲಿ ಹತ್ತು ಹೆಜ್ಜೆ ಹೋಗಿದ್ದರು. ತಮ್ಮ ಹಿಂದೆ ತಿರುಗದೆ ಖಾಲಿ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿ ಕರವಸ್ತ್ರ ಎಳೆದ. ಲಾರಿಯ ಎಣ್ಣೆ ಮೆತ್ತಿದ ಕರವಸ್ತ್ರ. ಅದನ್ನು ತನ್ನ ಕೈಗೆ ಸುತ್ತಿಕೊಳ್ಳದೆ ಬೆನ್ನ ಹಿಂದಕ್ಕೆ ಚಾಚಿ ಹಿಡಿದ. ಟೀಚರ ಎರಡೂ ಕೈ ಪೈಪಿನ ಮೇಲಿದ್ದವು. ಒಂದನ್ನು ಬಿಟ್ಟರೂ ಅಮ್ಮ ವಾಲುತ್ತಾಳೆ. ಅವನ ಕೈ ಹಾಗೇ ಹಿಂದಕ್ಕೆ ಚಾಚಿಕೊಂಡಿತ್ತು, ಕರವಸ್ತ್ರ ಅವಳ ಬೆರಳುಗಳಿಗೆ ಎರಡು ಮೊಳ ದೂರದಲ್ಲಿ ತೂಗುತ್ತಿತ್ತು, ವ್ಯಾನಿನವರೆಗೂ.