ತಂಗಿಯ ಪಾಲಿನ ನಾಲ್ಕು ಗಂಟೆ

ನನ್ನ ಮಗುವನ್ನು ಮೊದಲು ಎತ್ತಿಕೊಂಡವಳು ನನ್ನ ತಂಗಿ ಎಂದು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನಿದೆ. ಹೆರಿಗೆಯ ನಡುವೆ ರಕ್ತ ಹರಿಯತೊಡಗಿ, ಅರಿವಳಿಕೆ ಕೊಟ್ಟು ಮಗುವನ್ನು ಕೊಯ್ದು ತೆಗೆದಿದ್ದರು. ನಾನು ಕಣ್ಣು ಬಿಡುವಷ್ಟರಲ್ಲಿ ನಾಲ್ಕು ಗಂಟೆಗಳೇ ಕಳೆದಿದ್ದವು. ಬಸಿರು ನನ್ನದು, ಹೊಲಿಗೆ ನನ್ನದು, ಮಡಿಲು ಮಾತ್ರ ಅವಳದು.

ಮೂರು ತಿಂಗಳಾದರೂ ಪುಟ್ಟಿ ನನ್ನ ಕೈಗೆ ಬಂದರೆ ಕಿರುಚುತ್ತಿದ್ದಳು. ಚಿಕ್ಕಮ್ಮನ ಹೆಗಲೇರಿದರೆ ಗಪ್‌ಚುಪ್. "ಇದಕ್ಕೆ ಚಿಕ್ಕಮ್ಮಾನೇ ಅಮ್ಮ" ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಆಡುವ ಹಾಗಿಲ್ಲ, ಅನುಭವಿಸುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ನಾನೂ ನಗುತ್ತಿದ್ದೆ.

ಕಷ್ಟದ ಹೆರಿಗೆಯಾಗಿ ಮನಸ್ಸು ಕುಸಿದವರಿಗೆಂದು ಆಸ್ಪತ್ರೆಯಲ್ಲಿ ಒಬ್ಬ ಕೌನ್ಸೆಲರ್ ಇದ್ದರು. ಅವರು ಹೆರಿಗೆಯ ಫೈಲು ತೆರೆದಿಟ್ಟು, ಆ ದಿನ ಯಾವ ಹೊತ್ತಿಗೆ ಏನಾಯಿತೆಂದು ಓದುತ್ತಾ ಹೋಗುತ್ತಿದ್ದರು. ನಮಗೆ ಎಚ್ಚರವಿಲ್ಲದ ಹೊತ್ತನ್ನು ಜೊತೆಗಿದ್ದವರು ಬಂದು ಹೇಳಬೇಕು. ಹಾಗಾಗಿ ಮೂರನೆಯ ಸಲ ತಂಗಿಯನ್ನೂ ಕರೆದುಕೊಂಡು ಹೋದೆ. ಪುಟ್ಟಿ ಅವಳ ಹೆಗಲ ಮೇಲೆಯೇ ಇದ್ದಳು, ಇನ್ನೆಲ್ಲಿರುತ್ತಾಳೆ.

"ಮಧ್ಯಾಹ್ನ ಮೂರೂ ಹತ್ತು. ಮಗುವನ್ನು ತಾಯಿಯ ತಂಗಿಗೆ ಒಪ್ಪಿಸಲಾಗಿದೆ" ಎಂದು ಕೌನ್ಸೆಲರ್ ಓದಿದರು. ಕೆಳಗೆ ತಂಗಿಯ ಸಹಿ ಇತ್ತು. "ಆಮೇಲೇನಾಯ್ತು, ಹೇಳಮ್ಮ."

ಎದೆಗವಚಿಕೊಂಡೆ, ಮುದ್ದಾಡಿದೆ ಎನ್ನುತ್ತಾಳೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

"ಸಹಿ ಹಾಕ್ದೆ" ಎಂದಳು ತಂಗಿ. "ಎತ್ಕೊಳ್ಳಲಿಲ್ಲ. ತೊಟ್ಟಿಲಲ್ಲೇ ಬಿಟ್ಟು, ಗೋಡೆ ಕಡೆ ತಿರುಗಿ ಕೂತ್ಕೊಂಡೆ."

"ನಾಲ್ಕು ಗಂಟೆನೂ?" ಎಂದು ಕೇಳಿದೆ.

"ನಿನ್ನ ವಿಷಯ ಏನೂ ಹೇಳೋಕಾಗಲ್ಲ ಅಂದಿದ್ರು ಡಾಕ್ಟ್ರು. ಅಕ್ಕನ್ನ ನುಂಗ್ಕೊಂಡೇ ಬಂತು ಇದು ಅನ್ನಿಸ್ತು. ಅಳ್ತಾನೇ ಇತ್ತು. ನರ್ಸ್ ಬಂದು ಹಾಲು ಹಾಕಿ ಹೋಗ್ತಿದ್ರು. ನಾನು ಮುಟ್ಟಲಿಲ್ಲ ಅಕ್ಕ. ಅದನ್ನ ನೆನೆಸ್ಕೊಂಡ್ರೆ ಈಗ ಕೆಳಗಿಳಿಸೋಕೇ ಮನಸ್ಸು ಬರಲ್ಲ."

ಮೂರು ತಿಂಗಳು ನಾನು ಕರುಬಿದ್ದು ಇಲ್ಲದ ಮಡಿಲಿಗೆ. ಸಮಾಧಾನವಾಗಬೇಕಿತ್ತು, ಬದಲಿಗೆ ಮೈಯೆಲ್ಲ ಉರಿದುಹೋಯಿತು. ಆಗಷ್ಟೇ ಹುಟ್ಟಿದ ಕೂಸು, ಎತ್ತಿಕೊಳ್ಳುವವರಿಲ್ಲದೆ ಅಷ್ಟು ಹೊತ್ತು ಅತ್ತಿತ್ತು.

"ನನ್ನ ಮಗಳನ್ನ ಅಳೋಕೆ ಬಿಟ್ಯಾ? ಕೊಡು ಇಲ್ಲಿ" ಎಂದೆ.

ತಂಗಿ ಕೊಟ್ಟಳು. ಪುಟ್ಟಿ ಎಂದಿನಂತೆ ಕಿರುಚಿದಳು, ಅವಳ ಕಡೆಗೇ ಕತ್ತು ಹೊರಳಿಸಿದಳು. ತಂಗಿಯ ಕೈಗಳು ಮುಂದೆ ಬಂದವು. ನಾನು ಮಾತ್ರ ಈ ಸಲ ಕೊಡಲಿಲ್ಲ.