ಗುರು ಶುಕ್ರ ಕೂಡಿದ ಬೆಳಗು

ಪಿಕಪ್ಪಿನ ಹೆಡ್‌ಲೈಟು ಸರೋವರದ ದಡದಲ್ಲಿ ನಿಲ್ಲಿಸಿದ್ದ ಕ್ಯಾಮೆರಾದ ಲೆನ್ಸಿನ ಮೇಲೆ ನೇರವಾಗಿ ಬಿದ್ದಾಗ ಆರ್ಡಿಸ್ ಗವಸು ಹಾಕಿದ ಕೈಯನ್ನು ಅಡ್ಡ ಹಿಡಿದಳು. ಗಾಡಿ ಪಕ್ಕಕ್ಕೆ ಬಂದು ನಿಂತಿತು. ನೆರೆಮನೆಯ ವೆಂಡೆಲ್ ಗಾಜಿಳಿಸಿದ.

"ಏನಮ್ಮ, ನಿನ್ನ ಜೋಡಿ ಸಿಕ್ಕಿತಾ?"

"ಅಗೋ, ಗುರು, ಶುಕ್ರ. ಇಷ್ಟು ದಿನ ಬರೀ ಮೋಡ. ನಾಳೆ ದೂರ ಆಗ್ಬಿಡ್ತವೆ. ಸ್ವಲ್ಪ ಲೈಟ್ ಆರಿಸ್ತೀಯಾ ವೆಂಡೆಲ್? ಚಿತ್ರ ಪೂರ್ತಿ ಬೆಳ್ಳಗಾಗತ್ತೆ."

"ನಿನ್ನ ದೆಸೆಯಿಂದ ನಮ್ಮನೆ ಬಾಗಿಲ ದೀಪಾನೂ ರಾತ್ರಿಯಿಂದ ಹಾಕಿಲ್ಲ. ಮೈರ್ನಾ ಮೆಟ್ಟಿಲಲ್ಲಿ ಜಾರಿ ಸೊಂಟ ಮುರ್ಕೊಂಡ್ರೆ ನೀನೇ ಬಂದು ನಂಗೆ ಅಡುಗೆ ಮಾಡಿ ಹಾಕ್ಬೇಕು, ನೋಡು."

"ಹಾಕ್ತೀನಿ ಬಿಡು. ಉಪ್ಪು ಮಾತ್ರ ಕೇಳ್ಬೇಡ."

ಅವನು ನಕ್ಕು ದೀಪ ಆರಿಸಿದ. "ಈ ದಾರೀಲಿ ನಾನು ಕಣ್ಣು ಮುಚ್ಕೊಂಡು ಹೋಗ್ತೀನಿ."

ಗಾಡಿ ದಡದಿಂದ, ಚಳಿಗಾಲವಿಡೀ ಗಾಡಿ ಓಡುವಷ್ಟು ಗಟ್ಟಿಯಾಗಿರುವ ಸರೋವರದ ಮಂಜುಗಡ್ಡೆಯ ಮೇಲಿಳಿದು ಕತ್ತಲಲ್ಲಿ ಕರಗಿತು. ಆಚೆ ನಡುವಿನಲ್ಲಿ, ಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವ ಅವನ ಗುಡಿಸಲಿತ್ತು. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಊರಿನವರು ಹಬ್ಬ ಮುಗಿದ ಮೇಲೆ ಎಸೆದ ಕ್ರಿಸ್‌ಮಸ್ ಮರಗಳನ್ನು ದಾರಿಗುರುತಿಗೆಂದು ನೆಟ್ಟಿದ್ದರು. ಹೊಳೆ ಬಂದು ಸೇರುವ ಕಡೆ, ಈಗಿನಂತೆ ಮಾರ್ಚ್ ತಿಂಗಳಲ್ಲಿ, ಗಡ್ಡೆ ತೆಳುವಾಗುತ್ತದೆ. ಆ ಜಾಗ ತಪ್ಪಿಸಲು ಅಲ್ಲಿ ಮರಗಳ ಸಾಲು ಎಡಕ್ಕೆ ತಿರುಗುತ್ತಿತ್ತು.

ಬೇರೆ ದಿನವಾಗಿದ್ದರೆ ಆರ್ಡಿಸ್ ಹುಷಾರು ಎನ್ನುತ್ತಿದ್ದಳು. ಯಾರು ಎದ್ದು ಹೊರಟರೂ ಹುಷಾರು ಎನ್ನುವುದು ಅವಳ ಅಭ್ಯಾಸ. ಅವಳು ಕೆಲಸ ಮಾಡುವ ಗ್ರಂಥಾಲಯದಲ್ಲಿ ಮಕ್ಕಳು ಅದನ್ನೇ ಅಣಕಿಸುತ್ತಿದ್ದರು. ಇವತ್ತು ಅವಳ ಕಣ್ಣು ಕ್ಯಾಮೆರಾದ ಪುಟ್ಟ ಪರದೆಯ ಮೇಲಿತ್ತು. ಎರಡು ಗ್ರಹಗಳು ಒಂದಕ್ಕೊಂದು ತಾಗಿದಂತೆ ಹೊಳೆಯುತ್ತಿದ್ದವು. ಕ್ಯಾಮೆರಾ ತನ್ನಷ್ಟಕ್ಕೆ ಒಂದಾದ ಮೇಲೊಂದು ಚಿತ್ರ ತೆಗೆಯುತ್ತಿತ್ತು. ದೂರದಲ್ಲಿ ಗಡ್ಡೆ ನರಳಿತು. ಚಳಿಗೆ ಅದು ದಿನವೂ ನರಳುತ್ತದೆ. ಎಂಜಿನ್ ಸದ್ದು ನಿಂತಾಗ, ಗುಡಿಸಲು ಸೇರಿಕೊಂಡ, ಅಂದುಕೊಂಡಳು.

ಬೆಳಕು ಹರಿಯುವಷ್ಟರಲ್ಲಿ ಹಿಮ ಸುರಿಯತೊಡಗಿತು. ಆಚೆ ದಡ ಕಾಣಿಸಲಿಲ್ಲ.

ಮಧ್ಯಾಹ್ನ ವೆಂಡೆಲ್‌ನ ಹೆಂಡತಿ ಮೈರ್ನಾ ಆರ್ಡಿಸ್‌ಳ ಬಾಗಿಲು ತಟ್ಟಿದಳು. ವೆಂಡೆಲ್ ಗುಡಿಸಲಿಗೆ ಬಂದೇ ಇಲ್ಲವೆಂದು ಪಕ್ಕದ ಗುಡಿಸಲಿನವರು ಫೋನು ಮಾಡಿದ್ದರು. ಮೈರ್ನಾ ಕೋಟಿನ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದಳು.

"ನೀನು ಬೆಳಗಿನ ಜಾವದಿಂದ ದಡದಲ್ಲೇ ಇದ್ದೆಯಲ್ಲ, ಅವನ ಗಾಡಿ ಬೆಳಕು ಗಡ್ಡೆ ಮೇಲೆ ಕಾಣಿಸ್ತಾ?"

"ಇಲ್ಲ," ಎಂದಳು ಆರ್ಡಿಸ್. ಮಾತು ಸುಳ್ಳಾಗಿರಲಿಲ್ಲ.

ಮೈರ್ನಾ ಕುರ್ಚಿಯಲ್ಲಿ ಕುಸಿದು ನಕ್ಕಳು. "ಹಂಗಾದ್ರೆ ಗಡ್ಡೆ ಮೇಲೆ ಹೋಗೇ ಇಲ್ಲ. ತಮ್ಮನ ಮನೇಲಿ ಕೂತು ಇಸ್ಪೀಟಾಡ್ತಿರ್ತಾನೆ, ಮುದಿ ಗೂಬೆ. ಬರಲಿ, ಮಾಡ್ತೀನಿ. ಪೊಲೀಸರಿಗೂ ಹೇಳ್ಬಿಡ್ತೀನಿ, ಹೆದ್ದಾರಿ ಕಡೆ ಹುಡುಕ್ಲಿ ಅಂತ." ಫೋನು ಕೈಗೆತ್ತಿಕೊಂಡಳು.

"ತಡಿ ಮೈರ್ನಾ."

ಆರ್ಡಿಸ್ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದಳು. ಮನೆಗೆ ಬಂದಮೇಲೆ ಚಿತ್ರಗಳನ್ನು ಹಾಕಿಕೊಂಡು ನೋಡಿದ್ದಳು, ಆದರೆ ನೋಡಿದ್ದು ಆಕಾಶವನ್ನು ಮಾತ್ರ. ಈಗ ಕೆಳಗಿನ ಅಂಚನ್ನು ದೊಡ್ಡದು ಮಾಡಿದಳು. ಬೂದು ಬಣ್ಣದ ಗಡ್ಡೆಯ ಮೇಲೆ ಕಪ್ಪು ಮರಗಳ ಸಾಲು, ತಿರುವಿನಲ್ಲಿ ಒಂಟಿ ಮರ. ಮುಂದಿನ ಚಿತ್ರದಲ್ಲೂ ಇತ್ತು. ಅದರ ಮುಂದಿನದರಲ್ಲಿ ಓರೆಯಾಗಿತ್ತು. ಆಮೇಲೆ ಇರಲಿಲ್ಲ, ಅದಿದ್ದ ಕಡೆ ಕಪ್ಪು ನೀರಿತ್ತು. ಮೇಲೆ ಗುರುವೂ ಶುಕ್ರನೂ ಎಲ್ಲ ಚಿತ್ರಗಳಲ್ಲಿ ಒಂದೇ ಸಮ ಹೊಳೆಯುತ್ತಿದ್ದವು.

"ದೀಪ ಆರಿಸು ಅಂತ ನಾನೇ ಅಂದೆ," ಎಂದಳು ಆರ್ಡಿಸ್. "ಆರಿಸ್ಕೊಂಡೇ ಹೋದ."

ಮೈರ್ನಾ ಮರವಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿದಳು. ಪರದೆಯ ಮೇಲಿನ ಧೂಳು ಒರೆಸುವಂತೆ ಎರಡು ಸಲ ಉಜ್ಜಿದಳು. ಆಮೇಲೆ ಪೊಲೀಸರಿಗೆ ಫೋನು ಮಾಡಿ, "ಹೊಳೆ ಸೇರೋ ಕಡೆ," ಎಂದಷ್ಟೇ ಹೇಳಿ ಎದ್ದಳು.

ಆರ್ಡಿಸ್ ಅವಳ ಹಿಂದೆ ಬಾಗಿಲವರೆಗೆ ಹೋದಳು. ಮುಂದೆ ಹೋಗುವ ಧೈರ್ಯವಾಗಲಿಲ್ಲ. ಹಿಮ ಸುರಿಯುತ್ತಲೇ ಇತ್ತು. ಮೈರ್ನಾ ಅಂಗಳ ದಾಟಿ, ಮೆಟ್ಟಿಲನ್ನು ಒಂದೊಂದಾಗಿ ಕಂಬಿ ಹಿಡಿದು ಹತ್ತಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಆ ಮಧ್ಯಾಹ್ನದ ಬೆಳಕಿನಲ್ಲಿ ಅವರ ಮನೆ ಬಾಗಿಲ ದೀಪ ಹತ್ತಿಕೊಂಡಿತು.